ರೊಟ್ಟಿ ಬಡಿದು ಬಡಿದು ರಾತ್ರಿ ಕೈ ಜೋಮು ಹಿಡಿಯುತ್ತಿದೆ. ಕೆಲಸ ಬಿಡದೆ ದಾರಿ ಇದೆಯಾ?

ರೊಟ್ಟಿ ಅಕ್ಕ, ವಿಜಯಪುರ
ಎಲ್ಲರಿಗೂ ನಮಸ್ಕಾರ ರೀ. ಇಲ್ಲಿ ದಿನಾ ಓದುತ್ತೇನೆ, ಬರೆಯುವುದು ಇದೇ ಮೊದಲು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮನೆಯಲ್ಲೇ ರೊಟ್ಟಿ ಕೇಂದ್ರ ನಡೆಸುತ್ತೇನೆ. ಒಂಬತ್ತು ವರ್ಷ ಆಯಿತು. ನಾನು, ನನ್ನ ನೆಗೆಣ್ಣಿ, ಇಬ್ಬರೇ. ದಿನಕ್ಕೆ ಇನ್ನೂರೈವತ್ತು ರೊಟ್ಟಿ. ಮದುವೆ, ಸೀಮಂತ ಬಂದರೆ ಐದುನೂರು ದಾಟುತ್ತದೆ. ನಾದುವುದು, ಬಡಿಯುವುದು ನನ್ನ ಪಾಲು. ಬೇಯಿಸುವುದು, ಕಟ್ಟುವುದು ಅವಳದು.

ನಾಲ್ಕು ತಿಂಗಳಿಂದ ಬಲಗೈ ಜೋಮು. ಹೆಬ್ಬೆರಳು, ಅದರ ಪಕ್ಕದ ಎರಡು ಬೆರಳು. ಹಗಲು ಕೆಲಸದ ಗದ್ದಲದಲ್ಲಿ ಅಷ್ಟು ಗೊತ್ತಾಗುವುದಿಲ್ಲ. ರಾತ್ರಿ ಎರಡು ಮೂರು ಗಂಟೆಗೆ ಎಚ್ಚರ ಆಗುತ್ತದೆ, ಕೈತುಂಬ ಇರುವೆ ಹರಿದ ಹಾಗೆ. ಎದ್ದು ಕುಳಿತು ಕೈ ಝಾಡಿಸಿದರೆ ಸ್ವಲ್ಪ ಸಮಾಧಾನ. ಮೊನ್ನೆ ಚಹಾದ ಕಪ್ಪು ಜಾರಿ ಬಿತ್ತು. ಸಪ್ಪಳ ಕೇಳಿದ ಮೇಲೇ ಕೈಯಲ್ಲಿ ಕಪ್ಪಿಲ್ಲ ಅಂತ ಗೊತ್ತಾದದ್ದು.

ನಮ್ಮ ಮನೆಯವರು "ರಕ್ತ ಕಡಿಮೆ ಆಗಿರಬೇಕು" ಅನ್ನುತ್ತಾರೆ. ಮೆಡಿಕಲ್ ಶಾಪಿನಲ್ಲಿ ನೋವಿನ ಗುಳಿಗೆ ಕೊಟ್ಟರು, ಹೊಟ್ಟೆ ಉರಿ ಬಂತು, ಜೋಮು ಹೋಗಲಿಲ್ಲ. ಅತ್ತೆಯವರು "ನಾವೇನು ರೊಟ್ಟಿ ಬಡಿಯಲಿಲ್ಲವೇನು?" ಅನ್ನುತ್ತಾರೆ.

ಇದು ರೊಟ್ಟಿಯಿಂದಲೇ ಬಂದದ್ದಾ? ಕೆಲಸ ನಿಲ್ಲಿಸಿ ಅಂತ ಮಾತ್ರ ಹೇಳಬೇಡಿ. ಮಗಳ ಕಾಲೇಜು ಫೀ ಇದರಿಂದಲೇ ಹೋಗುತ್ತದೆ.

ಮಗ್ಗದ ಮಲ್ಲು, ಇಳಕಲ್
ಅಕ್ಕಾ, ನಿಮಗೆ ಬೆರಳು, ನನಗೆ ಭುಜ. ಕುಣಿ ಮಗ್ಗ ನಮ್ಮದು. ಬಲಗೈಯಿಂದ ಹಗ್ಗ ಜಗ್ಗಿದರೆ ಲಾಳಿ ಆ ಕಡೆಯಿಂದ ಈ ಕಡೆ ಓಡಬೇಕು, ಎಡಗೈಯಿಂದ ಹಣಿಗೆ ಬಡಿಯಬೇಕು. ದಿನಕ್ಕೆ ಎಷ್ಟು ಸಾವಿರ ಸಲ ಅಂತ ಲೆಕ್ಕ ಹಾಕಲು ಹೋಗಿ ಅರ್ಧಕ್ಕೇ ಬಿಟ್ಟೆ, ಭಯ ಆಯಿತು. ಸೀರೆ ಕೊಳ್ಳುವವರು ಸೆರಗು ನೋಡುತ್ತಾರೆ. ಭುಜ ಯಾರು ನೋಡುತ್ತಾರೆ?

ಸುಮ್ನೆ ಓದುವವ
ಬಿ 12 ಟೆಸ್ಟ್ ಮಾಡಿಸಿ. ನನಗೂ ಜೋಮು ಇತ್ತು, ಇಂಜೆಕ್ಷನ್ ತಗೊಂಡ ಮೇಲೆ ಹೋಯಿತು.

ಎಣ್ಣೆ ಕಾಕಾ, ಜಮಖಂಡಿ
ಇದು ವಾತ. ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕಿ, ಬಿಸಿನೀರು ಹೊಯ್ದುಕೊಳ್ಳಿ. ನಮ್ಮ ಅವ್ವ ದಿನಾ ಮೂವತ್ತು ನಲವತ್ತು ರೊಟ್ಟಿ ಬಡಿಯುತ್ತಿದ್ದಳು, ಎಂಬತ್ತು ವರ್ಷ ಗಟ್ಟಿಯಾಗಿದ್ದಳು. ಈಗಿನವರು ಹಾಲು ತುಪ್ಪ ತಿನ್ನುವುದಿಲ್ಲ, ತಾಕತ್ತು ಎಲ್ಲಿಂದ ಬರಬೇಕು?

ಫಿಜಿಯೋ ತಂಗಿ, ಬೆಳಗಾವಿ
ಅಕ್ಕಾ, ಕೈ ನೋಡದೆ ಇದೇ ಅಂತ ಹೇಳಬಾರದು. ಆದರೆ ನೀವು ಬರೆದದ್ದು ಪುಸ್ತಕದಲ್ಲಿ ಇರುವ ಹಾಗೇ ಇದೆ. ಒಂದು ಪ್ರಶ್ನೆ: ಕಿರುಬೆರಳಿಗೂ ಜೋಮು ಬರುತ್ತದಾ?

ರೊಟ್ಟಿ ಅಕ್ಕ, ವಿಜಯಪುರ
ಇಲ್ಲ ರೀ. ಕಿರುಬೆರಳು ಸರಿಯಾಗಿದೆ. ಉಂಗುರದ ಬೆರಳು ಅರ್ಧ ಹೌದು, ಅರ್ಧ ಅಲ್ಲ. ಹೇಗೆ ಹೇಳಬೇಕೋ ಗೊತ್ತಾಗಲಿಲ್ಲ ಅಂತ ಬರೆದಿರಲಿಲ್ಲ.

ಫಿಜಿಯೋ ತಂಗಿ, ಬೆಳಗಾವಿ
ಆ "ಅರ್ಧ ಹೌದು, ಅರ್ಧ ಅಲ್ಲ" ಅನ್ನುವುದೇ ದೊಡ್ಡ ಸುಳಿವು. ಇದನ್ನು ಕಾರ್ಪಲ್ ಟನೆಲ್ ಅನ್ನುತ್ತಾರೆ. ಗೋವಾ ರೈಲಿನಲ್ಲಿ ಹೋಗುವಾಗ ಬೋಗದೆ ಬರುತ್ತವಲ್ಲ, ಅಂಥದ್ದೇ ಒಂದು ಸಣ್ಣ ಬೋಗದೆ ಮಣಿಕಟ್ಟಿನ ಒಳಮೈಯಲ್ಲಿ ಇದೆ. ಕೆಳಗೆ ಎಲುಬು, ಮೇಲೆ ಗಟ್ಟಿ ಪಟ್ಟಿ. ಬೆರಳು ಮಡಚುವ ಒಂಬತ್ತು ಹುರಿಗಳು ಮತ್ತು ಒಂದು ನರ ಅದರೊಳಗಿಂದಲೇ ಹೋಗಬೇಕು. ಹುರಿಗಳು ಬಾತುಕೊಂಡರೆ ಜಾಗ ಸಾಲದೆ ನರ ಅಮುಕಿಹೋಗುತ್ತದೆ. ಆ ನರ ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರ ಬೆರಳಿನ ಅರ್ಧಕ್ಕೆ ಮಾತ್ರ ಹೋಗುತ್ತದೆ. ಉಳಿದ ಅರ್ಧ ಮತ್ತು ಕಿರುಬೆರಳು ಬೇರೆ ನರದ್ದು. ಮಲಗಿದಾಗ ಮಣಿಕಟ್ಟು ಮಡಚಿಕೊಳ್ಳುವುದರಿಂದ ರಾತ್ರಿ ಜಾಸ್ತಿ.

ಮನೆಯಲ್ಲಿ ಒಂದು ಪರೀಕ್ಷೆ ಮಾಡಿ ನೋಡಿ. ಎರಡೂ ಹಸ್ತದ ಹಿಂಬದಿ ಒಂದಕ್ಕೊಂದು ತಾಗಿಸಿ, ಬೆರಳು ಕೆಳಗೆ ಮಾಡಿ, ಒಂದು ನಿಮಿಷ ಹಿಡಿಯಿರಿ. ಅದೇ ಬೆರಳುಗಳಿಗೆ ಜೋಮು ಬಂದರೆ ಸಂಶಯ ಗಟ್ಟಿ. ಅಷ್ಟರಿಂದಲೇ ಖಾತ್ರಿ ಆಗುವುದಿಲ್ಲ, ವೈದ್ಯರು ನೋಡಬೇಕು. ಸಕ್ಕರೆ ಕಾಯಿಲೆ, ಥೈರಾಯಿಡ್ ಇದ್ದವರಿಗೆ ಇದು ಬೇಗ ಬರುತ್ತದೆ, ಆ ರಕ್ತಪರೀಕ್ಷೆಯೂ ಆಗಲಿ. ಬಿ 12 ನೋಡಿಸುವುದರಲ್ಲಿ ತಪ್ಪಿಲ್ಲ, ಆದರೆ ಅದರ ಜೋಮು ಸಾಮಾನ್ಯವಾಗಿ ಎರಡೂ ಪಾದದಿಂದ ಶುರುವಾಗುತ್ತದೆ.

ನೋವಿನ ಗುಳಿಗೆ ನೀವಾಗೇ ನುಂಗುವುದನ್ನು ಮೊದಲು ನಿಲ್ಲಿಸಿ. ಹೊಟ್ಟೆ, ಕಿಡ್ನಿ ಎರಡೂ ಹಾಳು.

ಖಣದ ಸೊಸೆ, ಗುಳೇದಗುಡ್ಡ
ಎಣ್ಣೆ ಕಾಕಾ, ನಿಮ್ಮ ಅವ್ವ ಮೂವತ್ತು ರೊಟ್ಟಿ ಬಡಿದಿದ್ದರು. ಈ ಅಕ್ಕ ಇನ್ನೂರೈವತ್ತು. ಲೆಕ್ಕ ನೀವೇ ಮಾಡಿ. ನಿಮ್ಮ ಅವ್ವ ರೊಟ್ಟಿ ಮುಗಿಸಿ ನೀರು ತಂದರು, ಕಸ ಹೊಡೆದರು, ಹೊಲಕ್ಕೆ ಬುತ್ತಿ ಒಯ್ದರು. ಕೆಲಸ ಜಾಸ್ತಿಯೇ ಇತ್ತು, ಆದರೆ ಒಂದೇ ಥರದ್ದಲ್ಲ.

ಇನ್ನೊಂದು ಮಾತು. ಅವರಿಗೆ ಏನೂ ಆಗಲಿಲ್ಲ ಅಂತ ನಿಮಗೆ ಹೇಳಿದವರು ಯಾರು? ನಮ್ಮ ಅಜ್ಜಿ ಕೊನೆಗಾಲದಲ್ಲಿ ನೀರಿನ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಿದ್ದರು. ನಾವು ಅದನ್ನು ಭಕ್ತಿ ಅಂದುಕೊಂಡಿದ್ದೆವು.

ಎಣ್ಣೆ ಕಾಕಾ, ಜಮಖಂಡಿ
ತಂಗಿ, ನಾನು ಬೈಯಲಿಲ್ಲ. ಎಣ್ಣೆ ಹಚ್ಚಿದರೆ ಹಾನಿ ಏನಿದೆ ಅಂದೆ ಅಷ್ಟೇ.

ಫಿಜಿಯೋ ತಂಗಿ, ಬೆಳಗಾವಿ
ಎಣ್ಣೆ ಹಗುರಾಗಿ ಹಚ್ಚಿದರೆ ಹಿತ ಅನ್ನಿಸುತ್ತದೆ ಕಾಕಾ. ಆದರೆ ಮಣಿಕಟ್ಟನ್ನು ಒತ್ತಿ ಒತ್ತಿ ತಿಕ್ಕಿಸಿದರೆ, ಮೊದಲೇ ಅಮುಕಿದ ನರವನ್ನು ಇನ್ನಷ್ಟು ಅಮುಕಿದ ಹಾಗೆ. ಉಳುಕು ತೆಗೆಯುವವರ ಹತ್ತಿರ ಹೋಗಿ ಲಟಕ್ ಅನ್ನಿಸಿಕೊಂಡು ಬರಬೇಡಿ. ಇದು ಉಳುಕಲ್ಲ.

ಉದ್ಯಮಬಾಗ್ ಗ್ರೈಂಡರ್, ಬೆಳಗಾವಿ
ಇದನ್ನು ಓದಿ ನನ್ನ ಕಥೆ ಹೇಳಬೇಕು ಅನ್ನಿಸಿತು. ಫೌಂಡ್ರಿಯಲ್ಲಿ ಫೆಟ್ಲಿಂಗ್ ಕೆಲಸ. ಅಚ್ಚಿನಿಂದ ಬಂದ ಎರಕದ ಅಂಚನ್ನು ಕೈ ಗ್ರೈಂಡರಿನಿಂದ ಉಜ್ಜುವುದು. ಹದಿಮೂರು ವರ್ಷ. ಶಿಫ್ಟ್ ಮುಗಿದು ಮನೆಗೆ ಬಂದರೂ ಕೈಯೊಳಗೆ ಮಿಷಿನ್ ಓಡುತ್ತಲೇ ಇರುತ್ತದೆ.

ಎರಡು ವರ್ಷದಿಂದ ಇನ್ನೊಂದು ಶುರುವಾಗಿದೆ. ಜನವರಿಯ ಚಳಿಯಲ್ಲಿ ಬೆಳಿಗ್ಗೆ ಬೈಕ್ ಓಡಿಸುವಾಗ ಎರಡು ಬೆರಳು ಬೆಳ್ಳಗಾಗುತ್ತವೆ. ಸುಣ್ಣ ಬಳಿದ ಹಾಗೆ. ಗಿಲ್ಲಿದರೂ ಗೊತ್ತಾಗುವುದಿಲ್ಲ. ಅರ್ಧ ಗಂಟೆ ಆದ ಮೇಲೆ ಕೆಂಪಾಗಿ ಉರಿಯುತ್ತವೆ. ಸೂಪರ್ವೈಸರ್ ಹತ್ತಿರ ಹೇಳಿದರೆ "ಬೆಳಗಾವಿ ಚಳಿ ಹಂಗೇ" ಅಂದ. ಅವನ ಬೆರಳು ಯಾಕೆ ಬೆಳ್ಳಗಾಗುವುದಿಲ್ಲ?

ಫಿಜಿಯೋ ತಂಗಿ, ಬೆಳಗಾವಿ
ಅಣ್ಣಾ, ಇದನ್ನು ಚಳಿ ಅಂತ ಬಿಡಬೇಡಿ. ನಡುಗುವ ಯಂತ್ರವನ್ನು ವರ್ಷಗಟ್ಟಲೆ ಹಿಡಿದವರಿಗೆ ಬೆರಳಿನ ರಕ್ತನಾಳ, ನರ ಎರಡೂ ಕೆಡುತ್ತವೆ. ಚಳಿ ಅದನ್ನು ಹೊರಗೆ ತೋರಿಸುತ್ತದೆ ಅಷ್ಟೇ. ಬೇಗ ಹಿಡಿದರೆ ಅಲ್ಲಿಗೇ ನಿಲ್ಲಿಸಬಹುದು. ಮುಂದುವರಿದ ಮೇಲೆ ಪೂರ್ತಿ ವಾಪಸ್ ಬರುವುದು ಕಷ್ಟ. ಸವೆದು ಸೊಟ್ಟಗಾದ ವ್ಹೀಲ್ ಹಾಕಿ ಉಜ್ಜಬೇಡಿ, ಅದೇ ಜಾಸ್ತಿ ನಡುಗುತ್ತದೆ. ಹಿಡಿತ ಎಷ್ಟು ಬೇಕೋ ಅಷ್ಟೇ ಇರಲಿ. ಕೈ ಬೆಚ್ಚಗಿರಲಿ. ನಡುನಡುವೆ ಬೇರೆ ಕೆಲಸ ಕೊಡಿ ಅಂತ ಕೇಳಿ. ಮತ್ತೆ ಸಿಗರೇಟು ಇದ್ದರೆ ಬಿಡಿ, ಅದೂ ರಕ್ತನಾಳ ಮುದುಡಿಸುತ್ತದೆ.

ಉದ್ಯಮಬಾಗ್ ಗ್ರೈಂಡರ್, ಬೆಳಗಾವಿ
ಎಲ್ಲಾ ಡಾಕ್ಟರೂ ಕೊನೆಗೆ ಸಿಗರೇಟಿಗೇ ಬರುತ್ತೀರಿ ನೋಡಿ. ಬೇರೆ ಕೆಲಸ ಕೇಳಿದರೆ ಗೇಟು ತೋರಿಸುತ್ತಾರೆ ಮೇಡಂ. ಗೇಟಿನ ಹೊರಗೆ ಹತ್ತು ಹುಡುಗರು ನಿಂತಿರುತ್ತಾರೆ.

ಯೂನಿಯನ್ ಮಾಮಾ
ತಮ್ಮಾ, ನಿನ್ನ ಸಂಬಳದಲ್ಲಿ ಇಎಸ್‌ಐ, ಅಂದರೆ ಕಾರ್ಮಿಕರ ವಿಮೆ, ಕಟ್ ಆಗುತ್ತದಾ? ತಿಂಗಳಿಗೆ 21,000 ರೂಪಾಯಿ ಒಳಗಿನ ಸಂಬಳ ಇದ್ದರೆ ಆಗಬೇಕು. ನಿನ್ನದು 0.75%, ಮಾಲೀಕನದು 3.25%. ಕಟ್ ಆಗುತ್ತಿದ್ದರೆ ಇಎಸ್‌ಐ ಆಸ್ಪತ್ರೆಗೇ ಹೋಗು. ಡಾಕ್ಟರ್ ರಜೆ ಬರೆದರೆ, ವಂತಿಗೆಯ ದಿನಗಳು ತುಂಬಿದ್ದರೆ, ಸಂಬಳದ 70% ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. "ಏನು ಕೆಲಸ" ಅಂತ ಡಾಕ್ಟರ್ ಕೇಳದಿದ್ದರೂ ನೀನೇ ಹೇಳು, ಗ್ರೈಂಡರ್ ಅಂತ ಚೀಟಿಯಲ್ಲಿ ಬರೆಸು. ಬರವಣಿಗೆಯಲ್ಲಿ ಇಲ್ಲದ ನೋವು ನಾಳೆ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಉದ್ಯಮಬಾಗ್ ಗ್ರೈಂಡರ್, ಬೆಳಗಾವಿ
ನನಗೆ ಕಟ್ ಆಗುತ್ತದೆ. ನನ್ನ ಪಕ್ಕದಲ್ಲಿ ಅದೇ ಗ್ರೈಂಡರ್ ಹಿಡಿಯುವ ಗುತ್ತಿಗೆಯವನಿಗೆ ಕಾರ್ಡೇ ಮಾಡಿಸಿಲ್ಲ. ಇಬ್ಬರಿಗೂ ನಡುಕ ಒಂದೇ.

ಮಗ್ಗದ ಮಲ್ಲು, ಇಳಕಲ್
ನಮಗೂ ರೊಟ್ಟಿ ಅಕ್ಕನಿಗೂ ಮಾಲೀಕನೇ ಇಲ್ಲ. 3.25% ಯಾರ ಹತ್ತಿರ ಕೇಳೋಣ ಮಾಮಾ?

ಯೂನಿಯನ್ ಮಾಮಾ
ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ನುಡಿ ಟೈಪಿಸ್ಟ್, ಬಾಗಲಕೋಟೆ
ನನ್ನದು ಬೇರೆ ಕಥೆ. ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಚಳಕು. ಬಾಟಲಿ ಮುಚ್ಚಳ ತಿರುಗಿಸಲು ಆಗುತ್ತಿರಲಿಲ್ಲ. ದಿನಾ ಏಳು ತಾಸು ಟೈಪಿಂಗ್, ಹಾಗಾಗಿ ಆಫೀಸಿನ ಮೇಲೆ ಶಾಪ ಹಾಕಿಕೊಂಡು ತಿರುಗಿದೆ. ಮೌಸ್ ಬದಲಿಸಿದೆ, ಕುರ್ಚಿ ಬದಲಿಸಿದೆ. ಡಾಕ್ಟರ್ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಸಿ, ಮುಷ್ಟಿಯನ್ನು ಕಿರುಬೆರಳಿನ ಕಡೆ ಬಾಗಿಸಿದರು. ಪ್ರಾಣ ಹೋದ ಹಾಗಾಯಿತು. ಆಮೇಲೆ ಕೇಳಿದರು, "ಮನೆಯಲ್ಲಿ ಸಣ್ಣ ಕೂಸು ಇದೆಯಾ?"

ಇತ್ತು. ಎಂಟು ತಿಂಗಳ ಮಗ. ಕಂಕುಳಿಗೆ ಕೈ ಹಾಕಿ, ಹೆಬ್ಬೆರಳು ಅಗಲಿಸಿ ಎತ್ತುವುದರಿಂದಲೇ ಬಂದದ್ದಂತೆ. ಕಳ್ಳ ಮನೆಯಲ್ಲೇ ಇದ್ದ, ಎಂಟು ಕಿಲೋ ತೂಕ. ಈಗ ಎತ್ತುವಾಗ ಒಂದು ಕೈ ಅಂಡಿನ ಕೆಳಗೆ ಕೊಡುತ್ತೇನೆ. ಹೆಬ್ಬೆರಳಿಗೆ ಪಟ್ಟಿ ಕಟ್ಟಿಕೊಂಡು ಆರು ವಾರದಲ್ಲಿ ಕಡಿಮೆ ಆಯಿತು.

ಇತಿಹಾಸ ಮೇಷ್ಟ್ರು, ಮುಧೋಳ
ಅದಕ್ಕೆ ಡಿ ಕ್ವೆರ್ವೇನ್ ಅಂತ ಹೆಸರು. ಸ್ವಿಟ್ಜರ್ಲೆಂಡಿನ ಸರ್ಜನ್ ಒಬ್ಬರು 1895ರಲ್ಲಿ ಬರೆದಿಟ್ಟಿದ್ದು. ಹಿಂದೆ ಅದನ್ನು ಬಟ್ಟೆ ಒಗೆಯುವ ಹೆಂಗಸರ ಉಳುಕು ಅಂತಲೂ ಕರೆಯುತ್ತಿದ್ದರು, ಒದ್ದೆ ಬಟ್ಟೆ ಹಿಂಡುವುದರಿಂದ. ಹೆಂಗಸರ ನೋವಿಗೆ ಗಂಡಸಿನ ಹೆಸರು ಬಿತ್ತು ನೋಡಿ.

ಸುಮ್ನೆ ಓದುವವ
ಮೇಷ್ಟ್ರೇ ಶುರು ಮಾಡಿದರು.

ದ್ರಾಕ್ಷಿ ಪಾಟೀಲ, ತಿಕೋಟಾ
ನಮ್ಮ ಕಡೆ ದ್ರಾಕ್ಷಿ ಬಳ್ಳಿ ಸವರುವಾಗ, ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಎರಡೂ ಸಲ ಇದೇ ಹಾಡು. ಚಪ್ಪರದ ಕೆಳಗೆ ಕೈ ಮೇಲೆತ್ತಿ ದಿನವಿಡೀ ಕತ್ತರಿ ಆಡಿಸಬೇಕು. ಕೂಲಿಯವರಲ್ಲಿ ಒಬ್ಬಳ ಬೆರಳು ಮಡಚಿದರೆ ಬಿಚ್ಚುತ್ತಲೇ ಇರಲಿಲ್ಲ, ಇನ್ನೊಂದು ಕೈಯಿಂದ ಎಳೆದರೆ ಟಕ್ ಅಂತ ಬಿಚ್ಚುತ್ತಿತ್ತು. ಟ್ರಿಗರ್ ಫಿಂಗರ್ ಅಂತೆ. ನನಗೆ ಆಮೇಲೆ ಗೊತ್ತಾಯಿತು, ಅರ್ಧ ತಪ್ಪು ನನ್ನದೇ. ಮೊಂಡ ಕತ್ತರಿ ಕೊಟ್ಟಿದ್ದೆ. ಈಗ ದಿನಾ ಬೆಳಿಗ್ಗೆ ಸಾಣೆ ಹಿಡಿಸುತ್ತೇನೆ, ಸ್ಪ್ರಿಂಗ್ ಹೋದದ್ದನ್ನು ಎಸೆಯುತ್ತೇನೆ. ಒಂದು ಕತ್ತರಿ ಉಳಿಸಲು ಹೋಗಿ ಒಂದು ಕೈ ಕಳೆಯುವುದು ಯಾವ ಲೆಕ್ಕ?

ಗುಂಡ್ಯಾ, ಅಥಣಿ
ರೊಟ್ಟಿ ಅಕ್ಕ ಎಡಗೈಯಿಂದ ಬಡಿಯಲು ಕಲಿತರೆ ಮುಗಿಯಿತಲ್ಲ. ಇಷ್ಟೆಲ್ಲ ಚರ್ಚೆ ಯಾಕೆ?

ಇತಿಹಾಸ ಮೇಷ್ಟ್ರು, ಮುಧೋಳ
ಗುಂಡ್ಯಾ, ಮುನ್ನೂರು ವರ್ಷದ ಹಿಂದೆ ಇಟಲಿಯಲ್ಲಿ ರಾಮಝಿನಿ ಅಂತ ಒಬ್ಬ ವೈದ್ಯ ಇದ್ದ. ರೋಗಿ ಬಂದರೆ ಏನು ಕೆಲಸ ಮಾಡುತ್ತೀ ಅಂತ ಕೇಳಿ ಅಂತ ಬೇರೆ ವೈದ್ಯರಿಗೆ ಹೇಳಿಕೊಟ್ಟವನು ಅವನೇ. ಅವನಿಗೆ ಒಬ್ಬ ದಸ್ತಾವೇಜು ಬರೆಯುವವನ ಪರಿಚಯ ಇತ್ತು. ಬರೆದು ಬರೆದು ಬಲಗೈ ಬಿದ್ದುಹೋಯಿತು. ಅವನೂ ನಿನ್ನ ಹಾಗೆ ಯೋಚಿಸಿ ಎಡಗೈಯಲ್ಲಿ ಬರೆಯಲು ಕಲಿತ. ಸ್ವಲ್ಪ ದಿನಕ್ಕೆ ಎಡಗೈಗೂ ಅದೇ ರೋಗ ಬಂತು.

ಗುಂಡ್ಯಾ, ಅಥಣಿ
ಸರಿ ಸರ್. ಸೋತೆ.

ಖಣದ ಸೊಸೆ, ಗುಳೇದಗುಡ್ಡ
ರೊಟ್ಟಿ ಮಿಷಿನ್ ತಗೊಳ್ಳಬಹುದಲ್ವಾ ಅಕ್ಕಾ?

ರೊಟ್ಟಿ ಅಕ್ಕ, ವಿಜಯಪುರ
ನೋಡಿ ಬಂದಿದ್ದೇನೆ ತಂಗಿ. ಒತ್ತಿ ತೆಗೆದ ರೊಟ್ಟಿ ಕಾಗದದ ಹಾಗೆ ಇರುತ್ತದೆ. ನನ್ನ ಗಿರಾಕಿಗಳು ಒಂದು ತುತ್ತಿಗೇ ಕಂಡುಹಿಡಿಯುತ್ತಾರೆ. ಮಾಲದಂಡಿ ಜೋಳವೇ ಬೇಕು, ಬಡಿದ ರೊಟ್ಟಿಯೇ ಬೇಕು ಅಂತಲೇ ನಮ್ಮಲ್ಲಿಗೆ ಬರುವುದು.

ಗುಂಡ್ಯಾ, ಅಥಣಿ
ಮಾಲದಂಡಿ ಅಂತ ಹೇಳಿ ಹೈಬ್ರಿಡ್ ಜೋಳ ಹಾಕುವವರೇ ಜಾಸ್ತಿ ಈಗ.

ದ್ರಾಕ್ಷಿ ಪಾಟೀಲ, ತಿಕೋಟಾ
ಗುಂಡ್ಯಾ, ಜೋಳದ ಜಗಳ ಬೇರೆ ಕಡೆ ಇಟ್ಟುಕೋ.

ಫಿಜಿಯೋ ತಂಗಿ, ಬೆಳಗಾವಿ
ಬಡಿಯುವುದನ್ನು ಬಿಡಬೇಡಿ ಅಕ್ಕಾ, ನಾದುವುದನ್ನು ಬಿಡಿ! ನಾನು ಇದನ್ನೇ ಕೇಳಬೇಕು ಅಂತಿದ್ದೆ. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ತಾನಾಗಿ ಎಳೆ ಬರುವುದಿಲ್ಲ. ಎಸರು ಹಾಕಿ, ಜಿಗಿ ಬರುವವರೆಗೆ ಹಸ್ತದ ಬುಡದಿಂದ ಒತ್ತಿ ಒತ್ತಿ ನಾದಬೇಕು. ಮಣಿಕಟ್ಟು ಹಿಂದಕ್ಕೆ ಬಾಗಿರುತ್ತದೆ, ಮೈಭಾರ ಎಲ್ಲಾ ಸರಿಯಾಗಿ ಆ ಬೋಗದೆಯ ಮೇಲೇ ಬೀಳುತ್ತದೆ. ಬಡಿಯುವಾಗ ಕೈ ಹಗುರ. ನನ್ನ ಅಂದಾಜಿಗೆ ನಿಮ್ಮ ಕೈ ಕೆಡಿಸಿದ್ದು ಪರಾತದಲ್ಲಿನ ಹಿಟ್ಟು.

ಮತ್ತೆ ನೆಲದ ಮೇಲೆ ಕುಳಿತು ನಾದುತ್ತೀರಾ? ನಿಂತು ಮಾಡುವ ಹಾಗೆ ಸೊಂಟಕ್ಕಿಂತ ಸ್ವಲ್ಪ ಕೆಳಗೆ ಬರುವ ಕಟ್ಟೆ ಇದ್ದರೆ ಮಣಿಕಟ್ಟು ಅಷ್ಟು ಬಾಗುವುದಿಲ್ಲ.

ರೊಟ್ಟಿ ಅಕ್ಕ, ವಿಜಯಪುರ
ಯವ್ವಾ, ಇಷ್ಟು ದಿನ ಬಡಿಯುವುದನ್ನೇ ಬೈದೆ. ಹೌದು ರೀ, ನೆಲದ ಮೇಲೇ. ಒಂದು ಸಲಕ್ಕೆ ಐದು ಕಿಲೋ ಹಿಟ್ಟು. ನಾದುವಾಗಲೇ ಹಸ್ತದ ಬುಡದಲ್ಲಿ ಸೆಳೆತ ಬರುತ್ತದೆ, ಈಗ ಹೇಳಿದ ಮೇಲೆ ನೆನಪಾಗುತ್ತಿದೆ.

ಸಂಘದ ಸರೋಜಕ್ಕ, ಬಾಗಲಕೋಟೆ
ಹಿಟ್ಟು ನಾದುವ ಮಿಷಿನ್ ತಗೊಳ್ಳಿ. ನಮ್ಮ ಸ್ವಸಹಾಯ ಸಂಘದಲ್ಲಿ ಇದೆ. ಎಸರಿನ ಹಿಟ್ಟೂ ನಾದುತ್ತದೆ, ಆದರೆ ಪೂರ್ತಿ ಜಿಗಿ ಬರುವುದಿಲ್ಲ, ಕೊನೆಗೆ ಉಂಡೆ ಮಾಡುವಾಗ ಕೈಯಿಂದ ಸ್ವಲ್ಪ ಒತ್ತಿಕೊಳ್ಳಬೇಕು. ರುಚಿಗೆ ಏನೂ ಫರಕು ಇಲ್ಲ.

ದುಡ್ಡಿಗೆ ಪಿಎಂಎಫ್‌ಎಂಇ ಅಂತ ಯೋಜನೆ, 2020ರಲ್ಲಿ ಬಂದದ್ದು. ಸಣ್ಣ ಆಹಾರ ಉದ್ಯಮಕ್ಕೆ ಕೇಂದ್ರದ್ದು 35% ಸಬ್ಸಿಡಿ, ನಮ್ಮ ರಾಜ್ಯ 15% ಸೇರಿಸುತ್ತದೆ. ಹೊಸ ಅರ್ಜಿ ತಗೊಳ್ಳುತ್ತಿದ್ದಾರಾ ಅಂತ ಕೃಷಿ ಇಲಾಖೆಯಲ್ಲಿ ಕೇಳಿ. ಒಂದು ಎಚ್ಚರಿಕೆ. ಇದು ಸಾಲಕ್ಕೆ ಜೋಡಿಸಿದ ಸಬ್ಸಿಡಿ. ಮೊದಲು ಬ್ಯಾಂಕಿನವರು ಸಾಲ ಮಂಜೂರು ಮಾಡಬೇಕು. ನಮ್ಮ ಮ್ಯಾನೇಜರ್ ಆರು ಸಲ ಓಡಾಡಿಸಿದರು. ಏಳನೇ ಸಲ ನಾವು ಹದಿನಾಲ್ಕು ಜನ ಹೆಂಗಸರು ಒಟ್ಟಿಗೇ ಹೋಗಿ ಕುಳಿತೆವು. ಅವತ್ತೇ ಸಹಿ ಆಯಿತು.

ಎಣ್ಣೆ ಕಾಕಾ, ಜಮಖಂಡಿ
ಹದಿನಾಲ್ಕು ಹೆಂಗಸರ ಮುಂದೆ ಯಾವ ಮ್ಯಾನೇಜರ್ ನಿಲ್ಲುತ್ತಾನೆ!

ಕೊಯ್ತಾ ಹಿಡಿದವ
ಕಬ್ಬು ಕಡಿಯುವವರ ಬಗ್ಗೆ ಯಾರೂ ಬರೆಯಲಿಲ್ಲ. ನಾವು ಉಚಲ್ (ಮುಂಗಡ) ತಗೊಂಡು ಗ್ಯಾಂಗಿಗೆ ಹೋಗುವವರು. ಮೊದಲೇ ದುಡ್ಡು ತಿಂದಿರುತ್ತೇವೆ, ಕೈ ನೋವು ಅಂತ ಕುಳಿತರೆ ಖಾಡೆ (ಗೈರುಹಾಜರಿಯ ದಂಡ) ಬೀಳುತ್ತದೆ, ಅದು ಸಾಲಕ್ಕೆ ಸೇರುತ್ತದೆ. ಮುಂಗೈಯಿಂದ ಮೊಣಕೈವರೆಗೆ ಕಬ್ಬಿಣ ಕಾಸಿ ಇಟ್ಟ ಹಾಗೆ. ಇಷ್ಟೇ ಹೇಳಬೇಕಿತ್ತು.

ಮಗ್ಗದ ಮಲ್ಲು, ಇಳಕಲ್
ಅಣ್ಣಾ, ಕೊಯ್ತಾದ ಹಿಡಿಕೆಗೆ ಹಳೇ ಸೈಕಲ್ ಟ್ಯೂಬ್ ಸುತ್ತಿ ನೋಡಿ. ಹಿಡಿಕೆ ದಪ್ಪಗಾದರೆ ಅಷ್ಟು ಬಿಗಿಯಾಗಿ ಹಿಡಿಯಬೇಕಾಗುವುದಿಲ್ಲ. ನಾನು ಮಗ್ಗದ ಹಗ್ಗದ ಹಿಡಿಕೆಗೆ ಹಾಗೇ ಮಾಡಿದ್ದೇನೆ. ಖಾಡೆಗೆ ಮಾತ್ರ ನನ್ನ ಹತ್ತಿರ ಟ್ಯೂಬ್ ಇಲ್ಲ.

ರೊಟ್ಟಿ ಅಕ್ಕ, ವಿಜಯಪುರ
ಐದು ವಾರ ಆಯಿತು. ಏನಾಯಿತು ಅಂತ ಬರೆಯುತ್ತೇನೆ, ಯಾರಿಗಾದರೂ ಉಪಯೋಗ ಆಗಲಿ.

ಎಲುಬಿನ ಡಾಕ್ಟರ್ ಹತ್ತಿರ ಹೋದೆ. ನರದ ಟೆಸ್ಟ್ ಮಾಡಿಸಿದರು. ಕೈಗೆ ಸಣ್ಣ ಸಣ್ಣ ಕರೆಂಟ್ ಕೊಟ್ಟು ನೋಡುತ್ತಾರೆ, ಹೆದರಿ ಹಿಂದಿನ ರಾತ್ರಿ ನಿದ್ದೆ ಮಾಡಿರಲಿಲ್ಲ ನಾನು, ಆದರೆ ಅಷ್ಟೇನೂ ನೋವಿಲ್ಲ. ಬಲಗೈ ಮಧ್ಯಮ, ಎಡಗೈಯಲ್ಲೂ ಸ್ವಲ್ಪ ಶುರುವಾಗಿದೆ ಅಂದರು. ಥೈರಾಯಿಡೂ ಸ್ವಲ್ಪ ಕೆಟ್ಟಿದೆಯಂತೆ, ಅದಕ್ಕೆ ಗುಳಿಗೆ. ರಾತ್ರಿ ಮಣಿಕಟ್ಟು ನೆಟ್ಟಗಿಡಲು ಒಂದು ಪಟ್ಟಿ ಕೊಟ್ಟಿದ್ದಾರೆ. ಮೊದಲ ವಾರ ಕಿತ್ತು ಎಸೆಯಬೇಕು ಅನ್ನಿಸಿತು. ಈಗ ವಾರಕ್ಕೆ ಒಂದೆರಡು ಸಲ ಮಾತ್ರ ಎಚ್ಚರ ಆಗುತ್ತದೆ. ಹೆಬ್ಬೆರಳಿನ ಬುಡದ ಮಾಂಸದ ಉಬ್ಬು ಇನ್ನೂ ಕರಗಿಲ್ಲ, ಅದು ಚಪ್ಪಟೆಯಾದರೆ ತಡ ಮಾಡಬೇಡಿ, ಆಪರೇಷನ್ ಮಾಡಿ ಮಣಿಕಟ್ಟಿನೊಳಗಿನ ಆ ಗಟ್ಟಿ ಪಟ್ಟಿ ಕತ್ತರಿಸಿ ನರಕ್ಕೆ ಜಾಗ ಮಾಡಬೇಕಾಗುತ್ತದೆ ಅಂದಿದ್ದಾರೆ. ಮೂರು ತಿಂಗಳು ಬಿಟ್ಟು ಮತ್ತೆ ನೋಡುತ್ತಾರೆ.

ಮಿಷಿನ್ ಇನ್ನೂ ಬಂದಿಲ್ಲ. ಬ್ಯಾಂಕಿಗೆ ಎರಡು ಸಲ ಹೋದೆ, ಇನ್ನು ನಾಲ್ಕು ಸಲ ಬಾಕಿ ಇರಬೇಕು. ಅಲ್ಲಿಯವರೆಗೆ ಮೈದುನನ ಮಗ ಕಾಲೇಜಿಗೆ ಹೋಗುವ ಮೊದಲು ಹಿಟ್ಟು ನಾದಿಕೊಟ್ಟು ಹೋಗುತ್ತಾನೆ. ಅವನ ಗೆಳೆಯರು ನಗುತ್ತಾರಂತೆ. ಬೆಳಿಗ್ಗೆ ನಾನು ಬಡಿದರೆ ಮಧ್ಯಾಹ್ನ ನೆಗೆಣ್ಣಿ ಬಡಿಯುತ್ತಾಳೆ. ಅವಳ ರೊಟ್ಟಿ ಇನ್ನೂ ಮೂಲೆ ಮೂಲೆ, ನಡೆಯುತ್ತದೆ. ಇನ್ನೂರಕ್ಕೆ ನಿಲ್ಲಿಸಿದ್ದೇನೆ, ರೊಟ್ಟಿಗೆ ಒಂದು ರೂಪಾಯಿ ಏರಿಸಿದ್ದೇನೆ. ಮೂವರು ಗಿರಾಕಿ ಬಿಟ್ಟುಹೋದರು.

ಅತ್ತೆಯವರಿಗೆ ಆ ಕೈ ಮಡಚುವ ಪರೀಕ್ಷೆ ಮಾಡಿ ತೋರಿಸಿದೆ. ಅವರೂ ಸುಮ್ನೆ ಮಾಡಿ ನೋಡಿದರು. ಅರ್ಧ ನಿಮಿಷಕ್ಕೇ ಕೈ ಬಿಟ್ಟು, ಏನೂ ಹೇಳದೆ ಒಳಗೆ ಹೋದರು.

ಖಣದ ಸೊಸೆ, ಗುಳೇದಗುಡ್ಡ
ಅತ್ತೆಯವರನ್ನೂ ಒಮ್ಮೆ ಕರೆದುಕೊಂಡು ಹೋಗಿ ಅಕ್ಕಾ.

ರೊಟ್ಟಿ ಅಕ್ಕ, ವಿಜಯಪುರ
ಹೇಳಿದೆ. "ಇನ್ನೇನು ಉಳಿದಿದೆ ನನಗೆ" ಅಂದರು. ಮತ್ತೊಮ್ಮೆ ಹೇಳುತ್ತೇನೆ.

ಎಣ್ಣೆ ಕಾಕಾ, ಜಮಖಂಡಿ
ತಂಗಿ, ಬರುವ ತಿಂಗಳು ಮಗನ ಮನೆ ವಾಸ್ತು ಇದೆ. ನೂರೈವತ್ತು ಕಡಕ್ ರೊಟ್ಟಿ ಬೇಕಿತ್ತು. ಎಷ್ಟಾಗುತ್ತದೆ?

ರೊಟ್ಟಿ ಅಕ್ಕ, ವಿಜಯಪುರ
ಒಂದಕ್ಕೆ ಒಂಬತ್ತು ರೂಪಾಯಿ ಕಾಕಾ. ಎರಡು ದಿನದಲ್ಲಿ ಮಾಡಿಕೊಡುತ್ತೇನೆ, ಒಂದೇ ದಿನದಲ್ಲಿ ಆಗುವುದಿಲ್ಲ.

ಎಣ್ಣೆ ಕಾಕಾ, ಜಮಖಂಡಿ
ಆಗಲಿ, ನಾಲ್ಕು ದಿನ ತಗೊಳ್ಳಿ. ಕಡಕ್ ರೊಟ್ಟಿ ಎಲ್ಲಿ ಓಡಿಹೋಗುತ್ತದೆ? ಶೇಂಗಾ ಚಟ್ನಿ ಮಾತ್ರ ಪುಕ್ಕಟೆ ಕೊಡಬೇಕು.